ಫಾರ್ಮ್ಯಾಟ್ ಮಾಡಿಸುವ ಮೊದಲು ಕಂಪ್ಯೂಟರಿನ ಒಳಗೊಮ್ಮೆ ನೋಡಿ

"ಸಿಸ್ಟಮ್ ತುಂಬಾ ಸ್ಲೋ ಉಂಟು, ಒಮ್ಮೆ ಫಾರ್ಮ್ಯಾಟ್ ಮಾಡಿ ಕೊಡಿ." ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿಯ ಕಲ್ಸಂಕದಲ್ಲಾಗಲಿ, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಫಾರ್ಮ್ಯಾಟ್, ಅಂದರೆ ಡಿಸ್ಕಿನಲ್ಲಿ ಇರುವುದನ್ನು ತೆಗೆದು ವಿಂಡೋಸನ್ನು ಹೊಸದಾಗಿ ಹಾಕುವುದು, ಆಗುತ್ತದೆ. ಕೆಲವು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಮತ್ತೆ ಅದೇ ಕಥೆ. ತೊಂದರೆ ಎಲ್ಲಿತ್ತು ಅಂತ ಯಾರೂ ನೋಡಿರುವುದಿಲ್ಲ, ಅಲ್ವಾ? ಫಾರ್ಮ್ಯಾಟ್ ಮಾಡಿದ ಮೇಲೆ ನೋಡುವ ಅವಕಾಶವೂ ಹೋಗುತ್ತದೆ.

ಆಪರೇಟಿಂಗ್ ಸಿಸ್ಟಮ್ ತನ್ನ ಕೆಲಸದ ಲೆಕ್ಕ ಇಡುತ್ತಲೇ ಇರುತ್ತದೆ. ಯಾವ ಪ್ರೋಗ್ರಾಮಿಗೆ ಎಷ್ಟು ಸಮಯ ಸಿಕ್ಕಿತು, ಯಾರ ಕೈಯಲ್ಲಿ ಎಷ್ಟು ಮೆಮೊರಿ ಇದೆ, ಡಿಸ್ಕ್ ಎಷ್ಟು ಹೊತ್ತು ಕಾಯಿಸಿತು, ಯಾವ ಡ್ರೈವರ್ (ಪ್ರಿಂಟರ್, ವೈಫೈಯಂಥ ಸಾಧನವನ್ನು ನಡೆಸುವ ಪ್ರೋಗ್ರಾಮ್) ಕೈಕೊಟ್ಟಿತು, ಎಲ್ಲವೂ ಅದರ ಬಳಿ ಇದೆ. ಅದನ್ನು ನೋಡಲು ಹೊಸ ಸಾಫ್ಟ್‌ವೇರ್ ಏನೂ ಕೊಳ್ಳಬೇಕಿಲ್ಲ. ಆದರೆ ಅಂಕಿ ಕಂಡರೆ ಸಾಲದು, ಅದು ಎಲ್ಲಿಂದ ಬಂತು ಅನ್ನುವುದು ಗೊತ್ತಿರಬೇಕು. ಹಾಗಾಗಿ ಎಲ್ಲಿ ನೋಡಬೇಕು ಅನ್ನುವುದರ ಜೊತೆಗೆ ಒಳಗೆ ಏನಾಗುತ್ತದೆ ಅನ್ನುವುದನ್ನೂ ಹೇಳುತ್ತಾ ಹೋಗುತ್ತೇನೆ. ವಿಂಡೋಸ್ 10 ಅಥವಾ 11 ಇರುವ ಸಾಮಾನ್ಯ ಲ್ಯಾಪ್‌ಟಾಪ್ ಅಂತ ಇಟ್ಟುಕೊಂಡು ಬರೆದಿದ್ದೇನೆ. ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ, ಖರ್ಚಿಲ್ಲದವು ಮೊದಲು ಬರುತ್ತವೆ.

ಹೆಜ್ಜೆ 1: ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ

"ದಿನಾ ರಾತ್ರಿ ಆಫ್ ಮಾಡುತ್ತೇನಲ್ಲ" ಅಂತ ನೀವು ಹೇಳಬಹುದು. ಒಮ್ಮೆ ಪರೀಕ್ಷಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) ಮೇಲೆ ಕ್ಲಿಕ್ ಮಾಡಿದರೆ ಕೆಳಗೆ 'ಅಪ್ ಟೈಮ್' ಅಂತ ಕಾಣುತ್ತದೆ. ನಿನ್ನೆ ರಾತ್ರಿ ಆಫ್ ಮಾಡಿದ ಯಂತ್ರವೇ ವಾರಗಟ್ಟಲೆ ಓಡುತ್ತಿದೆ ಅಂತ ಅಲ್ಲಿ ತೋರಿಸಬಹುದು.

ಇದು ಅರ್ಥವಾಗಬೇಕಾದರೆ ಕರ್ನಲ್ ಅಂದರೇನು ಅಂತ ತಿಳಿಯಬೇಕು. ನಾವು ನೋಡುವ ಡೆಸ್ಕ್‌ಟಾಪ್, ಸ್ಟಾರ್ಟ್ ಮೆನು ಕರ್ನಲ್ ಅಲ್ಲ. ಅವು ಬ್ರೌಸರಿನ ಹಾಗೆಯೇ ಮಾಮೂಲಿ ಪ್ರೋಗ್ರಾಮುಗಳು. ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಅವುಗಳ ಕೆಳಗೆ ಕೂತಿರುತ್ತದೆ. ಪ್ರೊಸೆಸರ್ ಎರಡು ಬಗೆಯಲ್ಲಿ ಕೆಲಸ ಮಾಡಬಲ್ಲದು. ಕರ್ನಲ್ ಮೋಡ್‌ನಲ್ಲಿ ಇದ್ದಾಗ ಯಾವ ಹಾರ್ಡ್‌ವೇರನ್ನೂ ಮುಟ್ಟಬಹುದು. ಯೂಸರ್ ಮೋಡ್‌ನಲ್ಲಿ ಮುಟ್ಟುವ ಹಾಗಿಲ್ಲ. ಬ್ರೌಸರ್ ಒಂದು ಫೈಲ್ ತೆರೆಯಬೇಕಾದರೆ ತಾನೇ ಡಿಸ್ಕಿಗೆ ಕೈಹಾಕುವುದಿಲ್ಲ, ಸಿಸ್ಟಮ್ ಕಾಲ್ ಮೂಲಕ ಕರ್ನಲನ್ನು ಕೇಳುತ್ತದೆ. ಕರ್ನಲ್ ಅನುಮತಿ ಇದೆಯಾ ನೋಡಿ, ಕೆಲಸ ಮಾಡಿ, ಉತ್ತರ ಕೊಡುತ್ತದೆ. ಈ ಗಡಿ ಕಾಯುವುದು ಪ್ರೊಸೆಸರ್ ಚಿಪ್ಪೇ. ಗಡಿ ದಾಟಲು ಹೋದ ಪ್ರೋಗ್ರಾಮನ್ನು ಅದು ಅಲ್ಲೇ ತಡೆದು ಕರ್ನಲ್ ಕೈಗೆ ಒಪ್ಪಿಸುತ್ತದೆ.

2012ರಲ್ಲಿ ವಿಂಡೋಸ್ 8 ಬಂದಾಗ ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಲಭ್ಯ ಬಂತು. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ನಿಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ. ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಮಾತ್ರ ಇದ್ದ ಹಾಗೇ ಡಿಸ್ಕಿನಲ್ಲಿ ಉಳಿಯುತ್ತದೆ. ಬೆಳಿಗ್ಗೆ ಆನ್ ಮಾಡಿದಾಗ ಅದನ್ನೇ ಮತ್ತೆ ಮೆಮೊರಿಗೆ ತುಂಬಿಸುತ್ತದೆ. ಬೇಗ ಶುರುವಾಗುವುದು ನಿಜ. ಆದರೆ ಯಾವುದಾದರೂ ಡ್ರೈವರ್ ಮೆಮೊರಿ ತೆಗೆದುಕೊಂಡು ವಾಪಸ್ ಕೊಡುವುದನ್ನು ಮರೆತಿದ್ದರೆ ಆ ಕೊಳೆಯೂ ಹಾಗೇ ಮುಂದುವರಿಯುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಕರ್ನಲ್ ಮೊದಲಿನಿಂದ ಶುರುವಾಗುತ್ತದೆ.

ಆದ್ದರಿಂದ ಮೊದಲು ರೀಸ್ಟಾರ್ಟ್ ಮಾಡಿ, ಒಂದು ದಿನ ಬಳಸಿ ನೋಡಿ. ಸರಿಯಾಗಿ, ಕೆಲವು ದಿನದ ನಂತರ ಮತ್ತೆ ಸ್ಲೋ ಆದರೆ ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ. ಅಲ್ಲಿ ಪವರ್ ಬಟನ್ ಏನು ಮಾಡಬೇಕು ಎಂದು ಆಯ್ದುಕೊಳ್ಳುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಹೊಸ ಬಗೆಯ ಡಿಸ್ಕ್) ಇರುವ ಯಂತ್ರದಲ್ಲಿ ಇದರಿಂದ ಆಗುವ ನಷ್ಟ ಕೆಲವೇ ಸೆಕೆಂಡು.

ಹೆಜ್ಜೆ 2: ಸಿಪಿಯು ಯಾರ ಕೈಯಲ್ಲಿದೆ ನೋಡಿ

ಟಾಸ್ಕ್ ಮ್ಯಾನೇಜರಿನ ಪ್ರೊಸೆಸಸ್ ಪಟ್ಟಿಗೆ ಬನ್ನಿ. ಸಿಪಿಯು ಅಂತ ಇರುವ ಕಾಲಂ ಮೇಲೆ ಕ್ಲಿಕ್ ಮಾಡಿ, ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ.

ಪಟ್ಟಿಯಲ್ಲಿ ನೂರಕ್ಕೂ ಜಾಸ್ತಿ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಇರುತ್ತವೆ. ಪ್ರೊಸೆಸರಿನಲ್ಲಿ ಕೋರ್ (ಕೆಲಸ ಮಾಡುವ ಘಟಕ) ಇರುವುದು ನಾಲ್ಕೋ ಎಂಟೋ. ಆದರೂ ಎಲ್ಲವೂ ಒಟ್ಟಿಗೇ ಓಡುವಂತೆ ಕಾಣುತ್ತದೆ. ಇದು ಶೆಡ್ಯೂಲರ್ ಎಂಬ ಕರ್ನಲ್ ಭಾಗದ ಕೆಲಸ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಸಿಟಿ ಬಸ್ ಹತ್ತಿದವರು ಟೈಮ್‌ಕೀಪರನ್ನು ನೋಡಿರುತ್ತೀರಿ. ಸೀಟು ತುಂಬಲಿ ಬಿಡಲಿ, ಸಮಯ ಆಯಿತೆಂದರೆ ಬಸ್ ಹೊರಡಲೇಬೇಕು, ಹಿಂದಿನ ಬಸ್ಸಿಗೆ ಜಾಗ ಬಿಡಬೇಕು. ಶೆಡ್ಯೂಲರೂ ಹಾಗೆಯೇ. ವಿಂಡೋಸ್‌ನಲ್ಲಿ ಟೈಮರ್ ಸಾಮಾನ್ಯವಾಗಿ ಸೆಕೆಂಡಿಗೆ 64 ಸಲ, ಅಂದರೆ 15.6 ಮಿಲಿಸೆಕೆಂಡಿಗೊಮ್ಮೆ ಪ್ರೊಸೆಸರನ್ನು ತಡೆದು ಕರ್ನಲ್ ಕೈಗೆ ಕೊಡುತ್ತದೆ. ಈಗ ಓಡುತ್ತಿರುವವನ ಪಾಲು ಮುಗಿದಿದ್ದರೆ ಕರ್ನಲ್ ಅವನ ಸ್ಥಿತಿಯನ್ನೆಲ್ಲ ಬರೆದಿಟ್ಟುಕೊಂಡು, ಇಳಿಸಿ, ಮುಂದಿನವನನ್ನು ಹತ್ತಿಸುತ್ತದೆ. ಹಳೆಯ ವಿಂಡೋಸ್ 3.1ರಲ್ಲಿ ವಿಂಡೋಸ್ ಪ್ರೋಗ್ರಾಮುಗಳ ನಡುವೆ ಈ ಬಲವಂತ ಇರಲಿಲ್ಲ. ಪ್ರೋಗ್ರಾಮ್ ತಾನಾಗಿ ಬಿಟ್ಟುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಸಿಕ್ಕಿಹಾಕಿಕೊಂಡರೆ ಇಡೀ ಯಂತ್ರ ನಿಂತುಬಿಡುತ್ತಿತ್ತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಕರ್ನಲಿನಲ್ಲಿ ಇದು ಸರಿಯಾಯಿತು. ಇವತ್ತಿನ ವಿಂಡೋಸ್ 11ರ ಒಳಗಿರುವುದೂ ಅದೇ ವಂಶದ ಕರ್ನಲ್.

ಇಲ್ಲಿ ಒಂದು ಅಂಕಿ ಬಹಳ ಜನರ ಕಣ್ಣು ತಪ್ಪಿಸುತ್ತದೆ. ನಿಮ್ಮ ಪ್ರೊಸೆಸರಿನಲ್ಲಿ 8 ಲಾಜಿಕಲ್ ಪ್ರೊಸೆಸರ್ ಇವೆ, ಅಂದರೆ ಒಮ್ಮೆಗೆ ಎಂಟು ಕೆಲಸ ಓಡಿಸಬಲ್ಲದು ಅಂತ ಇಟ್ಟುಕೊಳ್ಳಿ. ಶೆಡ್ಯೂಲರ್ ಸಮಯ ಹಂಚುವುದು ಪ್ರೊಸೆಸಿಗಲ್ಲ, ಅದರೊಳಗಿನ ಕೆಲಸದ ಎಳೆಗಳಿಗೆ, ಅಂದರೆ ಥ್ರೆಡ್‌ಗಳಿಗೆ. ಒಂದೇ ಥ್ರೆಡ್ ಕೊನೆಯಿಲ್ಲದ ಲೂಪಿಗೆ ಬಿದ್ದರೆ ಅದು ತಿನ್ನುವುದು ಎಂಟರಲ್ಲಿ ಒಂದು ಪಾಲು, ಅಂದರೆ 12.5 ಶೇಕಡ. "12 ತಾನೇ, ಏನೂ ಇಲ್ಲ" ಅಂತ ಬಿಟ್ಟುಬಿಡಬೇಡಿ. ಯಾವುದೋ ಪ್ರೋಗ್ರಾಮ್ ಗಂಟೆಗಟ್ಟಲೆ 12, 13ರಲ್ಲೇ ಕದಲದೆ ನಿಂತಿದ್ದರೆ ಅದು ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಜಾಸ್ತಿ. ಫ್ಯಾನ್ ಸುಮ್ಮನೆ ಕಿರುಚಲು, ಬ್ಯಾಟರಿ ಬೇಗ ಇಳಿಯಲು ಇದು ಸಾಮಾನ್ಯ ಕಾರಣ.

'ನಾಟ್ ರೆಸ್ಪಾಂಡಿಂಗ್' ಅಂತ ಬಂದರೆ? ಪ್ರೋಗ್ರಾಮ್ ಸತ್ತಿದೆ ಅಂತ ಅರ್ಥ ಅಲ್ಲ. ಆ ಕಿಟಕಿ 5 ಸೆಕೆಂಡಿನಿಂದ ನಿಮ್ಮ ಕ್ಲಿಕ್ಕು, ಕೀಗಳನ್ನು ತೆಗೆದುಕೊಂಡಿಲ್ಲ ಅಂತ ಮಾತ್ರ. ಅದು ಡಿಸ್ಕಿಗೋ ಪ್ರಿಂಟರಿಗೋ ನೆಟ್‌ವರ್ಕಿಗೋ ಕಾಯುತ್ತಿರಬಹುದು. ಡೀಟೇಲ್ಸ್ ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ 'ಅನಲೈಸ್ ವೇಟ್ ಚೈನ್' ಕೊಟ್ಟರೆ ಅದು ಬೇರೆ ಯಾವುದಾದರೂ ಪ್ರೊಸೆಸಿಗೆ ಕಾಯುತ್ತಿದೆಯಾ ಅಂತ ಗೊತ್ತಾಗುತ್ತದೆ. ಲೆಕ್ಕಪತ್ರದ ಫೈಲ್ ಸೇವ್ ಆಗುತ್ತಿರುವಾಗ ಅವಸರದಲ್ಲಿ ಎಂಡ್ ಟಾಸ್ಕ್ ಕೊಟ್ಟು ಫೈಲ್ ಕೆಡಿಸಿಕೊಳ್ಳುವವರು ತುಂಬಾ ಜನ. ಎರಡು ನಿಮಿಷ ಕಾಯಿರಿ.

ಪಟ್ಟಿಯಲ್ಲಿ 'ಸಿಸ್ಟಮ್ ಇಂಟರಪ್ಟ್ಸ್' ಅನ್ನುವ ಸಾಲೂ ಇದೆ. ಅದು ಪ್ರೋಗ್ರಾಮ್ ಅಲ್ಲ. ಕೀಬೋರ್ಡ್, ವೈಫೈ, ಡಿಸ್ಕ್ ಮೊದಲಾದವು ಪ್ರೊಸೆಸರನ್ನು ಕರೆದಾಗ ಆಗುವ ಕೆಲಸದ ಲೆಕ್ಕ ಅದು. ಸಾಮಾನ್ಯವಾಗಿ ಶೂನ್ಯದ ಹತ್ತಿರ ಇರಬೇಕು. ಹತ್ತು ಶೇಕಡಕ್ಕೆ ಏರಿ ಅಲ್ಲೇ ನಿಂತರೆ ಹಾಳಾದ ಡ್ರೈವರ್ ಅಥವಾ ಹಾಳಾದ ಯುಎಸ್‌ಬಿ ಸಾಧನ ಇರಬಹುದು. ಒಂದೊಂದೇ ಕಿತ್ತು ನೋಡಿ.

ಇನ್ನೊಂದು, ಕರಾವಳಿಯವರಿಗೆ. ಏಪ್ರಿಲ್, ಮೇ ಸೆಕೆಯಲ್ಲಿ ಸಿಪಿಯು ಪುಟದ 'ಸ್ಪೀಡ್' ಮತ್ತು 'ಬೇಸ್ ಸ್ಪೀಡ್' ಹೋಲಿಸಿ. ಕೆಲಸ ಜಾಸ್ತಿ ಇದ್ದಾಗಲೂ ಸ್ಪೀಡ್ ಬೇಸ್‌ಗಿಂತ ತುಂಬಾ ಕೆಳಗಿದ್ದರೆ ಚಿಪ್ ಬಿಸಿ ತಡೆಯಲಾರದೆ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತಿರಬಹುದು. ಫ್ಯಾನಿನ ಧೂಳು ತೆಗೆಸಿ. ಫಾರ್ಮ್ಯಾಟ್‌ನಿಂದ ಧೂಳು ಹೋಗುವುದಿಲ್ಲ.

ಹೆಜ್ಜೆ 3: ಮೆಮೊರಿ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ

ನಾನು ನೋಡಿದ ಸ್ಲೋ ಯಂತ್ರಗಳಲ್ಲಿ ಹೆಚ್ಚಿನವುಗಳ ಕಥೆ ಇಲ್ಲೇ ಇತ್ತು. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ (ಅಂದರೆ ರ್‍ಯಾಮ್) ಮೇಲೆ ಕ್ಲಿಕ್ ಮಾಡಿ. ಎರಡು ಅಂಕಿ ಮುಖ್ಯ: ಅವೇಲಬಲ್ (ಕೇಳಿದವರಿಗೆ ಕೊಡಲು ಸಿಗುವ ಮೆಮೊರಿ), ಕ್ಯಾಶ್ಡ್.

ಕ್ಯಾಶ್ಡ್ ಅನ್ನು ನೋಡಿ ಗಾಬರಿಯಾಗಬೇಡಿ. ನೀವು ಒಮ್ಮೆ ತೆರೆದ ಫೈಲು, ಪ್ರೋಗ್ರಾಮುಗಳ ಭಾಗಗಳನ್ನು ಸಿಸ್ಟಮ್ ಖಾಲಿ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಮತ್ತೆ ಕೇಳಿದರೆ ಡಿಸ್ಕಿಗೆ ಹೋಗುವುದು ತಪ್ಪುತ್ತದೆ. ಬೇರೆ ಯಾರಿಗಾದರೂ ಜಾಗ ಬೇಕಾದರೆ ಕೂಡಲೇ ಬಿಟ್ಟುಕೊಡುತ್ತದೆ. 'ರ್‍ಯಾಮ್ ಕ್ಲೀನರ್' ಅಂತ ಮಾರುವ ಪ್ರೋಗ್ರಾಮುಗಳು ಇದನ್ನೇ ಒರೆಸಿ "ನೋಡಿ ಎಷ್ಟು ಖಾಲಿಯಾಯಿತು" ಅಂತ ತೋರಿಸುತ್ತವೆ. ಅದರಿಂದ ಯಂತ್ರ ಇನ್ನೂ ನಿಧಾನವಾಗುತ್ತದೆ. ಅಂಥದ್ದು ಇದ್ದರೆ ಮೊದಲು ತೆಗೆದುಹಾಕಿ.

ಈಗ ಒಳಗಿನ ಕೆಲಸ. ಪ್ರತಿ ಪ್ರೋಗ್ರಾಮಿಗೂ ತನ್ನದೇ ಒಂದು ದೊಡ್ಡ ಮೆಮೊರಿ ಇದೆ ಅಂತ ಕರ್ನಲ್ ತೋರಿಸುತ್ತದೆ. ಅದು ನಿಜವಾದ ರ್‍ಯಾಮ್ ವಿಳಾಸ ಅಲ್ಲ, ವರ್ಚುವಲ್ ವಿಳಾಸ. ಈ ಮೆಮೊರಿಯನ್ನು 4,096 ಬೈಟಿನ ತುಂಡುಗಳಾಗಿ ಮಾಡಿರುತ್ತದೆ. ಒಂದೊಂದಕ್ಕೂ ಪೇಜ್ ಅಂತ ಹೆಸರು. ಯಾವ ಪೇಜ್ ನಿಜವಾದ ರ್‍ಯಾಮಿನಲ್ಲಿ ಎಲ್ಲಿದೆ ಅನ್ನುವುದು ಪೇಜ್ ಟೇಬಲಿನಲ್ಲಿ ಇರುತ್ತದೆ. ಪ್ರೋಗ್ರಾಮ್ ಮೆಮೊರಿ ಮುಟ್ಟಿದಾಗಲೆಲ್ಲ ಪ್ರೊಸೆಸರ್ ಆ ಟೇಬಲಿನ ಪ್ರಕಾರ ವಿಳಾಸ ಬದಲಿಸಿಕೊಳ್ಳುತ್ತದೆ. ನಿಮ್ಮ ಬ್ರೌಸರ್ ನಿಮ್ಮ ಬ್ಯಾಂಕ್ ಸಾಫ್ಟ್‌ವೇರಿನ ಮೆಮೊರಿಯನ್ನು ನೇರವಾಗಿ ಓದಲಾರದು, ಯಾಕೆಂದರೆ ಬ್ರೌಸರಿನ ಟೇಬಲಿನಲ್ಲಿ ಆ ಪೇಜ್‌ಗಳೇ ಇಲ್ಲ. ಈ ಉಪಾಯ ಹೊಸದಲ್ಲ. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಶುರುವಾದ ಅಟ್ಲಾಸ್ ಕಂಪ್ಯೂಟರಿನಲ್ಲೇ ಇದು ಇತ್ತು.

ರ್‍ಯಾಮ್ ತುಂಬಿದಾಗ ಏನಾಗುತ್ತದೆ? ಕರ್ನಲ್ ಇತ್ತೀಚೆಗೆ ಯಾರೂ ಮುಟ್ಟದ ಪೇಜ್‌ಗಳನ್ನು ಹುಡುಕಿ, ಡಿಸ್ಕಿನ ಪೇಜ್ ಫೈಲಿಗೆ ಬರೆದು, ಆ ಜಾಗವನ್ನು ಬೇರೆಯವರಿಗೆ ಕೊಡುತ್ತದೆ. ಹಳೆಯ ಪ್ರೋಗ್ರಾಮ್ ಆಮೇಲೆ ಆ ಪೇಜ್ ಮುಟ್ಟಲು ಹೋದರೆ ಪ್ರೊಸೆಸರ್ "ಇದು ಇಲ್ಲಿ ಇಲ್ಲ" ಅಂತ ಕರ್ನಲನ್ನು ಕರೆಯುತ್ತದೆ. ಇದು ಪೇಜ್ ಫಾಲ್ಟ್. ಕರ್ನಲ್ ಆ ಪ್ರೋಗ್ರಾಮನ್ನು ಮಲಗಿಸಿ, ಡಿಸ್ಕಿನಿಂದ ಪೇಜ್ ತರಿಸಿ, ಮತ್ತೆ ಎಬ್ಬಿಸುತ್ತದೆ. ಡಿಸ್ಕಿಗೆ ಹೋಗಲೇಬೇಕಾದ ಇಂಥದ್ದಕ್ಕೆ ಹಾರ್ಡ್ ಫಾಲ್ಟ್ ಅನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. ರ್‍ಯಾಮಿನಿಂದ ಓದಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಬೇಕಾದ ಜಾಗ ಹೆಡ್ (ಓದುವ ಮುಳ್ಳು) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.6 ಮಿಲಿಸೆಕೆಂಡ್. ಹೆಡ್ ಸರಿಯುವ ಸಮಯವೂ ಸೇರಿದರೆ 15 ಮಿಲಿಸೆಕೆಂಡ್ ಹತ್ತಿರ. ಅಲ್ಲಿಗೆ ಒಂದು ಲಕ್ಷ ಪಟ್ಟಿಗೂ ಮೀರಿದ ವ್ಯತ್ಯಾಸ. ಒಂದೊಂದೇ ಪೇಜ್ ಅಲ್ಲಿ ಇಲ್ಲಿ ಹುಡುಕಿ ತರಬೇಕಾದರೆ ಸೆಕೆಂಡಿಗೆ ಅರವತ್ತು ಎಪ್ಪತ್ತು ಪೇಜ್, 300 ಕೆಬಿಗೂ ಕಡಿಮೆ! ಡಿಸ್ಕ್ 100 ಶೇಕಡ ಬ್ಯುಸಿ, ಆದರೆ ವೇಗ 1 ಎಂಬಿ ಕೂಡ ಇಲ್ಲ ಅಂತ ಟಾಸ್ಕ್ ಮ್ಯಾನೇಜರ್ ತೋರಿಸುವುದು ಈ ಕಾರಣಕ್ಕೇ.

ಜೂನ್ ತಿಂಗಳಲ್ಲಿ ಕಾಲೇಜು ಅಡ್ಮಿಷನ್ ಸಮಯ. ಉಡುಪಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಜೆರಾಕ್ಸ್ ಅಂಗಡಿ. 4 ಜಿಬಿ ರ್‍ಯಾಮ್, ಹಳೆಯ ಹಾರ್ಡ್ ಡಿಸ್ಕ್. ಬ್ರೌಸರಿನಲ್ಲಿ ಮೂರು ನಾಲ್ಕು ಪೋರ್ಟಲ್, ಒಂದರಲ್ಲಿ ವಾಟ್ಸಾಪ್, ಸ್ಕ್ಯಾನರ್ ಸಾಫ್ಟ್‌ವೇರ್, ಫೋಟೋ ಕಿರಿದು ಮಾಡುವ ಪ್ರೋಗ್ರಾಮ್. ಪಾಪ, ಹೊರಗೆ ಮಕ್ಕಳು ಕೊಡೆ ಹಿಡಿದು ಸಾಲು ನಿಂತಿದ್ದಾರೆ. ಸ್ಕ್ಯಾನರಿನಿಂದ ಬ್ರೌಸರಿಗೆ ಬರುವಷ್ಟರಲ್ಲಿ ಪರದೆ ಬೆಳ್ಳಗಾಗಿ ನಿಲ್ಲುತ್ತದೆ. "ವೈರಸ್ ಇರಬೇಕು" ಅಂತ ಅಂಗಡಿಯವರು. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಪುಟದಲ್ಲಿ 'ಹಾರ್ಡ್ ಫಾಲ್ಟ್ಸ್ ಪರ್ ಸೆಕೆಂಡ್' ಗ್ರಾಫ್ ನೋಡಿದರೆ ಮೇಲಿನ ಗೆರೆಗೆ ಅಂಟಿಕೊಂಡೇ ಇತ್ತು. ಬ್ರೌಸರಿಗೆ ಬಂದಾಗ ಸ್ಕ್ಯಾನರಿನ ಪೇಜ್‌ಗಳು ಹೊರಗೆ. ಸ್ಕ್ಯಾನರಿಗೆ ಹೋದಾಗ ಬ್ರೌಸರಿನವು ಹೊರಗೆ. ಕರ್ನಲ್ ತರುವುದು, ಹಾಕುವುದು, ಇಷ್ಟರಲ್ಲೇ ಮುಳುಗಿತ್ತು. ಇದಕ್ಕೆ ಥ್ರಾಶಿಂಗ್ ಅನ್ನುತ್ತಾರೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನಿಂಗ್ 1968ರಲ್ಲೇ ಇದರ ಕಾರಣ ಬಿಡಿಸಿ ಹೇಳಿದರು: ಓಡುತ್ತಿರುವ ಪ್ರೋಗ್ರಾಮುಗಳಿಗೆ ಆ ಹೊತ್ತಿಗೆ ಬೇಕೇ ಬೇಕಾದ ಪೇಜ್‌ಗಳ ಮೊತ್ತ ರ್‍ಯಾಮನ್ನು ಮೀರಬಾರದು. ಮೀರಿದರೆ ಎಷ್ಟು ಒಳ್ಳೆಯ ಕರ್ನಲ್ ಇದ್ದರೂ ಉಳಿಸಲಾರದು.

ಆ ಯಂತ್ರವನ್ನು ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ಏನೂ ಆಗುತ್ತಿರಲಿಲ್ಲ. ಬೇಕಾದದ್ದು ಇನ್ನೊಂದು 4 ಜಿಬಿ ರ್‍ಯಾಮ್. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೂ ದೊಡ್ಡ ವ್ಯತ್ಯಾಸ ಕಾಣುತ್ತದೆ. ತಿರುಗುವ ಭಾಗ ಇಲ್ಲದ್ದರಿಂದ ಆ 15 ಮಿಲಿಸೆಕೆಂಡ್ ಸುಮಾರು 0.1ಕ್ಕೆ ಇಳಿಯುತ್ತದೆ.

ನೀವು ನೋಡಬೇಕಾದದ್ದು ಇಷ್ಟು. ಮಾಮೂಲಿ ಕೆಲಸ ಎಲ್ಲ ತೆರೆದಿಟ್ಟುಕೊಂಡು, ಅವೇಲಬಲ್ ಕೆಲವೇ ನೂರು ಎಂಬಿಗೆ ಇಳಿದು, ಹಾರ್ಡ್ ಫಾಲ್ಟ್ ಏರಿಕೊಂಡೇ ಇದ್ದರೆ ರ್‍ಯಾಮ್ ಸಾಲದು. ಪ್ರೋಗ್ರಾಮ್ ತೆರೆದ ಕ್ಷಣ ಒಮ್ಮೆ ಏರಿ ಇಳಿದರೆ ಅದು ಸಹಜ. ಅವೇಲಬಲ್ ಧಾರಾಳ ಇದ್ದೂ ಸ್ಲೋ ಇದ್ದರೆ ರ್‍ಯಾಮಿಗೆ ದುಡ್ಡು ಹಾಕಬೇಡಿ, ಮುಂದೆ ಓದಿ.

ಹೆಜ್ಜೆ 4: ಡಿಸ್ಕ್ ಮತ್ತು ಮಳೆಗಾಲದ ಕರೆಂಟು

ಡಿಸ್ಕ್ ಪುಟದಲ್ಲಿ 'ಆ್ಯವರೇಜ್ ರೆಸ್ಪಾನ್ಸ್ ಟೈಮ್' ನೋಡಿ. ಹಾರ್ಡ್ ಡಿಸ್ಕಿನಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡ್ ಇದ್ದರೆ ಸರಿ. ಮೆಮೊರಿ ಸಾಕಷ್ಟಿದ್ದೂ, ಕೆಲಸ ಏನೂ ಇಲ್ಲದಿದ್ದರೂ ಅದು ನೂರಾರು, ಸಾವಿರಾರು ತೋರಿಸಿದರೆ ಡಿಸ್ಕ್ ಸಾಯುತ್ತಿರಬಹುದು. ಓದಲಾಗದ ಜಾಗವನ್ನು ಅದು ಮತ್ತೆ ಮತ್ತೆ ಓದಲು ಯತ್ನಿಸುತ್ತಿರುತ್ತದೆ. ಅಂಥ ಡಿಸ್ಕಿಗೆ ಫಾರ್ಮ್ಯಾಟ್ ಮಾಡಬೇಡಿ. ಇರುವ ಫೈಲುಗಳನ್ನು ಇವತ್ತೇ ಬೇರೆ ಕಡೆ ನಕಲು ಮಾಡಿ.

ಇನ್ನು ಕರೆಂಟಿನ ವಿಷಯ. ನಮ್ಮಲ್ಲಿ ಮಳೆ ಗುಡುಗು ಶುರುವಾದರೆ ಕರೆಂಟು ಹೋಗುವುದು ಬರುವುದು ಇದ್ದದ್ದೇ. ನೀವು ಸೇವ್ ಒತ್ತಿದಾಗ ಫೈಲ್ ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ. ಕರ್ನಲ್ ಅದನ್ನು ಮೊದಲು ರ್‍ಯಾಮಿನಲ್ಲಿ ಇಟ್ಟುಕೊಂಡು, "ಆಯಿತು" ಅಂತ ಹೇಳಿ, ಸ್ವಲ್ಪ ಹೊತ್ತಿನಲ್ಲಿ ಒಟ್ಟಿಗೇ ಬರೆಯುತ್ತದೆ. ಆ ನಡುವೆ ಕರೆಂಟು ಹೋದರೆ?

ಒಂದು ಫೈಲ್ ಬರೆಯುವುದೆಂದರೆ ಒಂದೇ ಕೆಲಸ ಅಲ್ಲ. ಖಾಲಿ ಜಾಗದ ಪಟ್ಟಿ ತಿದ್ದಬೇಕು, ಫೋಲ್ಡರಿನಲ್ಲಿ ಹೆಸರು ಸೇರಿಸಬೇಕು, ಗಾತ್ರ ಬದಲಿಸಬೇಕು, ಒಳಗಿನ ಮಾಹಿತಿ ಬರೆಯಬೇಕು. ಅರ್ಧ ಆಗಿ ನಿಂತರೆ ಯಾವ ಫೈಲ್ ಎಲ್ಲಿದೆ ಅನ್ನುವ ನಕ್ಷೆಯೇ ಹಾಳು. ಅದಕ್ಕೆ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್ (ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಜರ್ನಲ್ ಇಡುತ್ತದೆ. "ಇಂತಿಂಥ ಬದಲಾವಣೆ ಮಾಡಲಿದ್ದೇನೆ" ಅಂತ ಮೊದಲು ಜರ್ನಲಿನಲ್ಲಿ ಬರೆದು, ಆಮೇಲೆ ನಿಜವಾದ ಜಾಗದಲ್ಲಿ ಬದಲಿಸುತ್ತದೆ. ಕರೆಂಟು ಬಂದ ಮೇಲೆ ಜರ್ನಲ್ ಓದಿ, ಪೂರ್ತಿ ಬರೆದಿದ್ದನ್ನು ಮುಗಿಸುತ್ತದೆ, ಅರ್ಧ ಆದದ್ದನ್ನು ರದ್ದು ಮಾಡುತ್ತದೆ.

ಆದರೆ ಗಮನಿಸಿ: ಜರ್ನಲ್ ಕಾಪಾಡುವುದು ನಕ್ಷೆಯನ್ನು, ಫೈಲಿನ ಒಳಗಿನ ನಿಮ್ಮ ಬರಹವನ್ನಲ್ಲ. ಫೈಲ್ ಹೆಸರು ಇರುತ್ತದೆ, ಗಾತ್ರ ಇರುತ್ತದೆ, ತೆರೆದರೆ ಒಳಗೆ ಏನೂ ಇಲ್ಲ ಅನ್ನುವುದು ಇದರಿಂದ. ಪೆನ್‌ಡ್ರೈವಿನಲ್ಲಿ ಸಾಮಾನ್ಯವಾಗಿ ಇರುವ ಫೈಲ್ ಸಿಸ್ಟಮುಗಳಾದ ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಲ್ಲಿ ಜರ್ನಲೂ ಇಲ್ಲ. ಹಾಗಾಗಿ ಡೆಸ್ಕ್‌ಟಾಪ್ ಇದ್ದವರು ಒಂದು ಸಣ್ಣ ಯುಪಿಎಸ್ ಇಡಲೇಬೇಕು ಅನ್ನುತ್ತೇನೆ. ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ದರೆ ಬದಲಿಸಿ. ಮತ್ತು ಮುಖ್ಯ ಫೈಲನ್ನು ಪೆನ್‌ಡ್ರೈವಿನಲ್ಲೇ ತೆರೆದು ತಿದ್ದಬೇಡಿ.

ಕರೆಂಟು ಹೋಗಿ ಬಂದ ಮೇಲೆ ಫೋಲ್ಡರ್ ತೆರೆಯದಿದ್ದರೆ ಆ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್. ನಕ್ಷೆಯನ್ನು ಅದು ಮೊದಲಿನಿಂದ ಕೊನೆಯವರೆಗೆ ತಾಳೆ ನೋಡುತ್ತದೆ.

ಕುತೂಹಲ ಇದ್ದವರಿಗೆ ಒಂದು ಸಣ್ಣ ಪ್ರಯೋಗ. ನೋಟ್‌ಪ್ಯಾಡಿನಲ್ಲಿ 'ಕ್ಷ' ಅಂತ ಒಂದೇ ಅಕ್ಷರ ಟೈಪ್ ಮಾಡಿ, ಯುಟಿಎಫ್-8 ಆಗಿ ಸೇವ್ ಮಾಡಿ, ಪ್ರಾಪರ್ಟೀಸ್ ನೋಡಿ. ಗಾತ್ರ 9 ಬೈಟ್. ಕಣ್ಣಿಗೆ ಒಂದು ಅಕ್ಷರ, ಆದರೆ ಯೂನಿಕೋಡಿನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಅದು ಮೂರು ಸಂಕೇತ: ಕ ಅಂದರೆ 3221, ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ (ವಿರಾಮ) 3277, ಷ 3255. ಒಂದೊಂದಕ್ಕೆ 3 ಬೈಟ್. ಮೂರನ್ನು ಸೇರಿಸಿ ಒತ್ತಕ್ಷರವಾಗಿ ತೋರಿಸುವುದು ಪರದೆಗೆ ಬರುವಾಗ, ಫಾಂಟಿನ ನಿಯಮದ ಪ್ರಕಾರ. ಇನ್ನೂ ಚಂದದ್ದು ಕೆಳಗಿನ ಸಾಲು. 'ಸೈಜ್ ಆನ್ ಡಿಸ್ಕ್' 0 ಬೈಟ್ ಅಂತ ಇರುತ್ತದೆ. ಎನ್‌ಟಿಎಫ್‌ಎಸ್ ಪ್ರತಿ ಫೈಲಿನ ವಿವರಕ್ಕೂ ತನ್ನ ಮುಖ್ಯ ಪಟ್ಟಿಯಲ್ಲಿ ಒಂದು ದಾಖಲೆ ಇಡುತ್ತದೆ. ಫೈಲ್ ಇಷ್ಟು ಸಣ್ಣದಿದ್ದರೆ ಬರಹವನ್ನೂ ಆ ದಾಖಲೆಯೊಳಗೇ ತುರುಕಿಬಿಡುತ್ತದೆ, ಬೇರೆ ಜಾಗ ಕೊಡುವುದೇ ಇಲ್ಲ.

ಹೆಜ್ಜೆ 5: ನೀಲಿ ಪರದೆ ಬರುತ್ತಿದ್ದರೆ

ಬ್ರೌಸರ್ ತಪ್ಪು ಮಾಡಿದರೆ ಬ್ರೌಸರ್ ಮಾತ್ರ ಮುಚ್ಚುತ್ತದೆ. ಡ್ರೈವರ್ ತಪ್ಪು ಮಾಡಿದರೆ ಇಡೀ ಯಂತ್ರ ಬೀಳುತ್ತದೆ. ಹೆಚ್ಚಿನ ಡ್ರೈವರುಗಳು ಕರ್ನಲ್ ಮೋಡ್‌ನಲ್ಲಿ ಓಡುತ್ತವೆ, ಅಲ್ಲಿ ಅವುಗಳನ್ನು ತಡೆಯುವ ಗಡಿ ಇಲ್ಲ. ಅಲ್ಲಿ ಮೆಮೊರಿ ಕೆಟ್ಟರೆ ಯಾವುದನ್ನೂ ನಂಬುವ ಹಾಗಿಲ್ಲ. ತಪ್ಪು ಮಾಹಿತಿ ಡಿಸ್ಕಿಗೆ ಬೀಳುವ ಬದಲು ನಿಲ್ಲುವುದೇ ಮೇಲು ಅಂತ ಕರ್ನಲ್ ಬೇಕೆಂದೇ ನಿಲ್ಲಿಸುತ್ತದೆ. ನೀಲಿ ಪರದೆ ಅಂದರೆ ಅದು (ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಕಪ್ಪು ಪರದೆ). 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಆ ಸುರಕ್ಷತಾ ಸಾಫ್ಟ್‌ವೇರಿನ ಒಂದು ಭಾಗ ಕರ್ನಲ್ ಒಳಗಿತ್ತು, ಅದು ಓದಬಾರದ ಮೆಮೊರಿ ಓದಲು ಹೋಯಿತು.

ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಅಂತ ಹುಡುಕಿ ರಿಲಯಬಿಲಿಟಿ ಹಿಸ್ಟರಿ ತೆರೆಯಿರಿ. ಯಾವ ದಿನ ಏನು ಬಿತ್ತು, ಅದರ ಹಿಂದಿನ ದಿನ ಯಾವ ಅಪ್‌ಡೇಟ್ ಬಂತು, ಎಲ್ಲ ದಿನಾಂಕದ ಪ್ರಕಾರ ಇರುತ್ತದೆ. ಹೊಸ ಪ್ರಿಂಟರ್ ಹಾಕಿದ ದಿನದಿಂದಲೇ ಕೆಂಪು ಗುರುತು ಶುರುವಾಗಿದ್ದರೆ ಇನ್ನೇನು ಬೇಕು? ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಪ್ರಾಪರ್ಟೀಸ್‌ಗೆ ಹೋಗಿ 'ರೋಲ್ ಬ್ಯಾಕ್ ಡ್ರೈವರ್' ಕೊಡಿ. ಪ್ರತಿ ಸಲ ಬೇರೆ ಬೇರೆ ಕಾರಣ ತೋರಿಸುತ್ತಿದ್ದರೆ ರ್‍ಯಾಮ್ ಕೆಟ್ಟಿರಬಹುದು. 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಓಡಿಸಿ. ನಮ್ಮ ಉಪ್ಪುಗಾಳಿ, ತೇವದ ಊರಿನಲ್ಲಿ ರ್‍ಯಾಮಿನ ಕಾಂಟ್ಯಾಕ್ಟ್ ಕಂದುವುದುಂಟು. ತೆಗೆದು ಒರೆಸಿ ಮತ್ತೆ ಕೂರಿಸಿದರೆ ಸರಿಯಾಗಲೂಬಹುದು.

ಹೆಜ್ಜೆ 6: ಸ್ಟಾರ್ಟಪ್ ಪಟ್ಟಿ

ಇದು ಬೇಗ ಮುಗಿಯುತ್ತದೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಭಾಗದಲ್ಲಿ 'ಹೈ' ಪರಿಣಾಮ ಅಂತ ಇರುವವನ್ನು ನೋಡಿ, ಬೇಡದ್ದನ್ನು ಡಿಸೇಬಲ್ ಮಾಡಿ. ಏನು ಅಂತ ಗೊತ್ತಿಲ್ಲದ್ದನ್ನು ಹೆಸರು ಹುಡುಕಿ ತಿಳಿದ ಮೇಲೆ ಮುಟ್ಟಿ. ಸರ್ವಿಸಸ್ ಪಟ್ಟಿಯನ್ನು ಮಾತ್ರ ಯಾರೋ ವಿಡಿಯೋದಲ್ಲಿ ಹೇಳಿದರು ಅಂತ ಬದಲಿಸಬೇಡಿ ಮಾರಾಯ್ರೆ. ಒಂದು ನಿಲ್ಲಿಸಿದರೆ ಅದನ್ನು ನಂಬಿದ ಇನ್ನೊಂದೂ ನಿಲ್ಲುತ್ತದೆ.

ಹೆಜ್ಜೆ 7: ಫಾರ್ಮ್ಯಾಟ್ ಮಾಡಲೇಬೇಕಾದರೆ

ವೈರಸ್ ಕರ್ನಲ್ ಮಟ್ಟಕ್ಕೆ ಹೊಕ್ಕಿದ್ದರೆ, ಸಿಸ್ಟಮ್ ಫೈಲುಗಳು ಸರಿಪಡಿಸಲಾಗದಷ್ಟು ಕೆಟ್ಟಿದ್ದರೆ, ಹೊಸ ಎಸ್‌ಎಸ್‌ಡಿ ಹಾಕುತ್ತಿದ್ದರೆ, ಆಗ ಸರಿ. ಅದಕ್ಕೆ ಮೊದಲು ಇವನ್ನು ಬೇರೆ ಕಡೆ ತೆಗೆದಿಡಿ.

ಡಾಕ್ಯುಮೆಂಟ್ಸ್ ಫೋಲ್ಡರ್ ಎಲ್ಲರಿಗೂ ನೆನಪಿರುತ್ತದೆ. ಲೆಕ್ಕಪತ್ರದ ಸಾಫ್ಟ್‌ವೇರ್ ತನ್ನ ಡೇಟಾವನ್ನು ಬೇರೆಯೇ ಫೋಲ್ಡರಿನಲ್ಲಿ ಇಟ್ಟಿರುತ್ತದೆ, ಅದು ಮರೆತುಹೋಗುತ್ತದೆ. ಬ್ರೌಸರಿನ ಪಾಸ್‌ವರ್ಡುಗಳೂ ಅಷ್ಟೇ. ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಡಿಸ್ಕ್ ತೆಗೆದು ಬೇರೆ ಯಂತ್ರಕ್ಕೆ ಹಾಕಿದರೂ ಏನೂ ಓದಲಾಗುವುದಿಲ್ಲ.

ಕನ್ನಡದಲ್ಲಿ ಡಿಟಿಪಿ ಮಾಡುವವರು ಫಾಂಟುಗಳನ್ನು ಖಂಡಿತ ತೆಗೆದಿಡಿ. ಆಮಂತ್ರಣ ಪತ್ರ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವರದಿ ಅಂತ ವರ್ಷಗಟ್ಟಲೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ನಮ್ಮ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ತುಂಬಾ ಇವೆ. ಅವು ಯೂನಿಕೋಡ್ ಅಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳೇ. ಆ ಫಾಂಟ್ ಇದ್ದಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಫಾಂಟ್ ಹೋದರೆ ಅರ್ಥವಿಲ್ಲದ ಗೀಚು. ಫಾಂಟ್ಸ್ ಫೋಲ್ಡರಿನಿಂದ ಅವನ್ನು ನಕಲು ಮಾಡಿ, ಸಮಯ ಸಿಕ್ಕಾಗ ಫೈಲುಗಳನ್ನು ಯೂನಿಕೋಡಿಗೆ ಬದಲಿಸಿ.

ತಪ್ಪಿ ಫಾರ್ಮ್ಯಾಟ್ ಆಗಿಹೋಯಿತು ಅಂದರೆ ಕೂಡಲೇ ಯಂತ್ರ ಆಫ್ ಮಾಡಿ. ಕ್ವಿಕ್ ಫಾರ್ಮ್ಯಾಟ್ ಹೊಸ ನಕ್ಷೆ ಬರೆಯುತ್ತದೆ ಅಷ್ಟೇ, ಹಾರ್ಡ್ ಡಿಸ್ಕಿನಲ್ಲಿ ಹಳೆಯ ಮಾಹಿತಿ ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಅಲ್ಲೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಈ ಆಸೆ ಕಡಿಮೆ. 'ಈ ಜಾಗ ಬೇಡ' ಅಂತ ಸಿಸ್ಟಮ್ ಟ್ರಿಮ್ ಸೂಚನೆ ಕೊಡುತ್ತದೆ, ಡ್ರೈವ್ ಅದನ್ನು ಖಾಲಿ ಮಾಡಿಬಿಡುತ್ತದೆ. ಇದರ ಇನ್ನೊಂದು ಮುಖ: ಹಳೆಯ ಲ್ಯಾಪ್‌ಟಾಪ್ ಮಾರುವಾಗ ಬರೀ ಫಾರ್ಮ್ಯಾಟ್ ಸಾಲದು. 'ರೀಸೆಟ್ ದಿಸ್ ಪಿಸಿ'ಯಲ್ಲಿ ಎಲ್ಲ ತೆಗೆಯುವ ಆಯ್ಕೆ ಕೊಟ್ಟು, ಡ್ರೈವ್ ಪೂರ್ತಿ ಒರೆಸುವ ಸೆಟ್ಟಿಂಗನ್ನೂ ಆನ್ ಮಾಡಿ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಹಳೆಯ ಯಂತ್ರಗಳಲ್ಲಿ ಅದು ಇರುವುದಿಲ್ಲ. ಅಂಥದ್ದನ್ನು ಎಸೆಯುವ ಬದಲು ಲಿನಕ್ಸ್ ಹಾಕಿ ನೋಡಿ. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಶುರುಮಾಡಿದ ಕರ್ನಲ್ ಅದು, ಆಂಡ್ರಾಯ್ಡ್ ಫೋನಿನಲ್ಲೂ ಅದೇ ಇದೆ. ಕನ್ನಡ ಟೈಪಿಂಗ್, ಒತ್ತಕ್ಷರ ಎಲ್ಲ ಸರಿಯಾಗಿ ಬರುತ್ತದೆ. ಮೇಲೆ ಹೇಳಿದ ಶೆಡ್ಯೂಲರ್, ಪೇಜ್, ಜರ್ನಲ್ ಎಲ್ಲವೂ ಅಲ್ಲೂ ಉಂಟು. ಟಾಸ್ಕ್ ಮ್ಯಾನೇಜರ್ ಬದಲು ಸಿಸ್ಟಮ್ ಮಾನಿಟರ್, ಪೇಜ್ ಫೈಲ್ ಬದಲು ಸ್ವಾಪ್ ಅನ್ನುತ್ತಾರೆ. ನಿಮ್ಮ ಲೆಕ್ಕಪತ್ರದ ಸಾಫ್ಟ್‌ವೇರ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಅದರಲ್ಲಿ ಓಡುತ್ತವಾ ಅಂತ ಮಾತ್ರ ಮೊದಲೇ ಪೆನ್‌ಡ್ರೈವಿನಿಂದ ಶುರುಮಾಡಿ ಪರೀಕ್ಷಿಸಿಕೊಳ್ಳಿ.

ಹೊಸದಾಗಿ ಹಾಕಿದ ಮೇಲೆ ಮೊದಲ ದಿನವೇ ಒಂದು ಕೆಲಸ ಮಾಡಿ. ನಿಮ್ಮ ಮಾಮೂಲಿ ಪ್ರೋಗ್ರಾಮುಗಳನ್ನೆಲ್ಲ ತೆರೆದು, ಅವೇಲಬಲ್ ಮೆಮೊರಿ, ಡಿಸ್ಕಿನ ರೆಸ್ಪಾನ್ಸ್ ಟೈಮ್, ಸಿಪಿಯು ಸ್ಪೀಡ್, ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ದಿನಾಂಕ ಹಾಕಿಡಿ. ಮುಂದೆ ಸ್ಲೋ ಅನಿಸಿದಾಗ ಆ ಚೀಟಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.